ಹದಿನಾಲ್ಕು ಎಕ್ಸ್‌ಟೆನ್ಷನ್‌ಗಳ ಒಡೆಯ

ಹಿಂದಿನ ಮುಚ್ಚಳ ಬಿಚ್ಚಿ ನೋಡಲು ಬಿಡದ ಯಾವ ಯಂತ್ರವೂ ಇನ್ನು ಮುಂದೆ ನಮ್ಮ ಮನೆಯಲ್ಲಿ ಇರಕೂಡದು ಎಂದು ಕಳೆದ ತಿಂಗಳು ನಾನು ಘೋಷಿಸಿಬಿಟ್ಟೆ. ಇಪ್ಪತ್ತೆರಡು ವರ್ಷದಿಂದ ಗಡಿಯಾರ ರಿಪೇರಿ ಮಾಡಿಕೊಂಡು ಬಂದವನು ನಾನು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಮ್ಮೆ ಒಳಗೆ ಇಣುಕಿದೆನೆಂದರೆ ಎಂಥ ಮೊಂಡು ಗಡಿಯಾರವೂ ತೆಪ್ಪಗೆ ಓಡಬೇಕು. ಅಂಥವನ ಮನೆಯ ಕಂಪ್ಯೂಟರು ತನಗೆ ತೋಚಿದಾಗ ಅಪ್‌ಡೇಟ್ ಮಾಡಿಕೊಳ್ಳುತ್ತ, ಒಳಗೇನು ನಡೆದಿದೆಯೆಂದು ನನಗೆ ಹೇಳದೆ ಕೂತರೆ ನನ್ನ ಮರ್ಯಾದೆ ಏನಾಗಬೇಕು? ಪಕ್ಕದ ಕನ್ನಡಕದಂಗಡಿಯವನು ಒಂದು ದಾರಿ ಹೇಳಿದ. ಓಪನ್ ಸೋರ್ಸ್ ಸಿಸ್ಟಮ್ ಅಂತ ಇದೆ, ಅದರ ಒಳಗನ್ನು ಯಾರು ಬೇಕಾದರೂ ನೋಡಬಹುದು, ತಿದ್ದಲೂಬಹುದು ಎಂದ. ಅವತ್ತೇ ತಂದು ಹಾಕಿದೆ!

ಸಿಸ್ಟಮ್ ಚೆನ್ನಾಗಿಯೇ ಇತ್ತು. ಕೈ ಕಟ್ಟಿಕೊಂಡು ಕೂರುವ ಜಾಯಮಾನ ನನ್ನದಲ್ಲ, ಅದೇ ತೊಂದರೆ. ಬ್ರೌಸರಿಗೆ ಎಕ್ಸ್‌ಟೆನ್ಷನ್ ಎಂಬ ಬಾಲಗಳನ್ನು ಅಂಟಿಸಬಹುದೆಂದು ಗೊತ್ತಾದದ್ದೇ ತಡ, ಒಂದೊಂದಾಗಿ ಅಂಟಿಸತೊಡಗಿದೆ. ಜಾಹೀರಾತು ತಡೆಯಲು ಒಂದು. ಬೆಳ್ಳಗಿನ ಪುಟವನ್ನು ಕಪ್ಪಗೆ ಮಾಡಲು ಇನ್ನೊಂದು. ‘ಒಪ್ಪಿಗೆಯೇ?’ ಎಂದು ಪದೇ ಪದೇ ಕೇಳುವ ಡಬ್ಬಿಗಳನ್ನು ನುಂಗಿಹಾಕಲು ಮತ್ತೊಂದು. ನಮ್ಮದು ಯಾವ ಬ್ರೌಸರ್ ಎಂದು ಹೊರಗಿನವರಿಗೆ ಗೊತ್ತಾಗದಂತೆ ಮುಚ್ಚಿಡಲು ಮಗದೊಂದು. ಗಂಟೆ ಎಷ್ಟೆಂದು ತೋರಿಸಲೂ ಒಂದಿತ್ತು. ಗೋಡೆ ತುಂಬ ಗಡಿಯಾರವಿರುವ ಮನೆಯಲ್ಲಿ! ಒಟ್ಟು ಹದಿಮೂರು.

ಇಷ್ಟರಲ್ಲಿ ನನ್ನ ಹೆಂಡತಿಗೆ ಇಂಟರ್‌ವ್ಯೂ ಪತ್ರ ಬಂತು. ಅವಳು ಗ್ರಂಥಾಲಯದಲ್ಲಿ ಸಹಾಯಕಿ. ಅಲ್ಲಿನ ಮುಖ್ಯಸ್ಥೆಯ ಜಾಗ ಖಾಲಿಯಾಗಿತ್ತು. ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ವೀಡಿಯೊದಲ್ಲಿ ಇಂಟರ್‌ವ್ಯೂ, ಕಂಪ್ಯೂಟರಿನ ಮುಂದೆಯೇ ಕೂರಬೇಕು, ಫೋನು ನಡೆಯುವುದಿಲ್ಲ ಎಂದು ಬರೆದಿದ್ದರು. ಎರಡು ವಾರ ಅವಳು ಬಟ್ಟೆ ಒಣಹಾಕುವಾಗಲೂ ಉತ್ತರಗಳನ್ನು ಗೊಣಗಿಕೊಂಡು ತಯಾರಾದಳು. ಕಂಪ್ಯೂಟರನ್ನು ಒಮ್ಮೆ ಮುಂಚೆಯೇ ನೋಡಿಬಿಡಿ ಎಂದು ನಾಲ್ಕು ಸಲ ಹೇಳಿದಳು. ಅದನ್ನು ನನಗೆ ಬಿಡು ಎಂದು ನಾಲ್ಕು ಸಲವೂ ನಾನು ಅಭಯ ಕೊಟ್ಟೆ.

ಬುಧವಾರ ಹತ್ತು ಗಂಟೆಗೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದು ಕೂತಳು. ನಮ್ಮ ಜೊತೆಗೇ ಇರುವ ಅತ್ತೆ, ಅಂದರೆ ಅವಳ ತಾಯಿ, ಹಿಂದೆ ಕುರ್ಚಿ ಹಾಕಿಕೊಂಡರು. ನಾನು ರಾಜಗಾಂಭೀರ್ಯದಿಂದ ಲಿಂಕ್ ಒತ್ತಿದೆ. ‘ನಿಮ್ಮ ಬ್ರೌಸರಿನಲ್ಲಿ ಇದು ನಡೆಯುವುದಿಲ್ಲ’ ಎಂದಿತು ಪುಟ.

ಹೆಸರು ಮುಚ್ಚಿಟ್ಟವರನ್ನು ಯಾರು ತಾನೇ ಒಳಗೆ ಬಿಟ್ಟುಕೊಳ್ಳುತ್ತಾರೆ? ಆ ಒಂದನ್ನು ಕಿತ್ತುಹಾಕಿದ್ದರೆ ಮುಗಿಯುತ್ತಿತ್ತು. ನಾನು ಕೀಳುವವನಲ್ಲ, ಹಾಕುವವನು! ನಮ್ಮ ಬ್ರೌಸರಿಗೆ ಬೇರೆ ಸಿಸ್ಟಮ್ಮಿನ ವೇಷ ಕಟ್ಟುವ ಹದಿನಾಲ್ಕನೆಯದನ್ನು ಹಾಕಿದೆ. ಪುಟ ನಂಬಿತು. ನಂಬಿದ ತಪ್ಪಿಗೆ, ಆ ಬೇರೆ ಸಿಸ್ಟಮ್ಮಿಗೆ ಹೊಂದುವ ಸಹಾಯಕ ಪ್ರೋಗ್ರಾಮೊಂದನ್ನು ಇಳಿಸಿಕೊಟ್ಟಿತು. ಅದನ್ನು ನಮ್ಮ ಸಿಸ್ಟಮ್ ಮುಟ್ಟಿಯೂ ನೋಡಲಿಲ್ಲ. ಇಪ್ಪತ್ತು ನಿಮಿಷ ಹಾಳು. ಅದನ್ನು ಬಿಟ್ಟು ಮುಂದಕ್ಕೆ ಹೋದರೆ ಕ್ಯಾಮೆರಾದ ಜಾಗದಲ್ಲಿ ಬರೀ ಕಪ್ಪು.

“ರೀ, ಹತ್ತೂವರೆ ಆಯ್ತು,” ಎಂದಳು ಹೆಂಡತಿ.

ಪರದೆಯ ತಲೆಗೆ ಸಿಕ್ಕಿಸಿದ್ದ ಕ್ಯಾಮೆರಾದ ವೈರು ಸಡಿಲವಾಗಿದೆ ಎಂದು ತೀರ್ಪು ಕೊಟ್ಟೆ. ಅವಳು ಬೇಡ ಎನ್ನುವುದರೊಳಗೆ ಗಡಿಯಾರದ ಸ್ಕ್ರೂಡ್ರೈವರ್ ತಂದು ಬಿಚ್ಚಿಯೂ ಆಗಿತ್ತು. ಒಳಗಿನ ವೈರು ಗಟ್ಟಿಯಾಗಿಯೇ ಇತ್ತು. ನಾನು ಎಳೆದು ನೋಡಿದ ಮೇಲೆ ಸಡಿಲವಾಯಿತು.

ಆಗ ಅವಳ ಮುಖ ನೋಡಿದೆ. ಬೈದಿದ್ದರೆ ಎದುರು ಮಾತಾಡಬಹುದಿತ್ತು. ಬೈಯಲಿಲ್ಲ. ಕಣ್ಣು ತುಂಬಿಕೊಂಡು ಗೋಡೆಯ ಗಡಿಯಾರಗಳನ್ನು ನೋಡುತ್ತಿದ್ದಳು. ಎಲ್ಲವೂ ಹನ್ನೊಂದಕ್ಕೆ ಎಂಟು ನಿಮಿಷ ಎಂದು ಒಮ್ಮತದಿಂದ ಹೇಳುತ್ತಿದ್ದವು. ಹದಿನಾಲ್ಕು ಎಕ್ಸ್‌ಟೆನ್ಷನ್‌ಗಳ ಒಡೆಯನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅತ್ತೆ ಮಾತ್ರ ಪರದೆಯನ್ನೇ ನೋಡುತ್ತಿದ್ದರು. “ಅಳಿಯಂದಿರೇ, ಆ ಮೂಲೇಲಿ ನೀಲಿ ಚಿತ್ರ ಇದೆಯಲ್ಲ, ಅದೇನು?”

“ಅದೂ ಒಂದು ಬ್ರೌಸರ್ರೇ ಅತ್ತೆ. ಸಿಸ್ಟಮ್ ಜೊತೆ ಬಂದಿದ್ದು. ನಾನದಕ್ಕೆ ಕೈ ಹಾಕಿಲ್ಲ.”

ಕೈ ಹಾಕಿಲ್ಲ ಎಂಬ ಮಾತು ಕಿವಿಗೆ ಬಿದ್ದಿದ್ದೇ ತಡ, ಹೆಂಡತಿ ನನ್ನನ್ನು ಪಕ್ಕಕ್ಕೆ ತಳ್ಳಿ ಆ ನೀಲಿ ಚಿತ್ರವನ್ನು ಒತ್ತಿದಳು. ಪುಟ ತೆರೆಯಿತು. ‘ಕ್ಯಾಮೆರಾ ಬಳಸಲು ಒಪ್ಪಿಗೆಯೇ?’ ಎಂದು ವಿನಯದಿಂದ ಒಂದು ಡಬ್ಬಿ ಬಂತು. ನನ್ನ ಬ್ರೌಸರಿನಲ್ಲಿ ಬೆಳಗ್ಗೆಯಿಂದ ನನ್ನ ಎಕ್ಸ್‌ಟೆನ್ಷನ್ ನುಂಗುತ್ತಿದ್ದದ್ದು ಇದೇ ಡಬ್ಬಿಯನ್ನು! ಅವಳು ಒಪ್ಪಿಗೆ ಒತ್ತಿದಳು. ಚಿತ್ರ ಬಂತು, ಹೋಯಿತು, ಬಂತು, ಹೋಯಿತು. ವೈರಿನ ಕಥೆ ಆಗಲೇ ಹೇಳಿದೆನಲ್ಲ. ಅದನ್ನು ಯಾರಾದರೂ ಒತ್ತಿ ಹಿಡಿದೇ ಇರಬೇಕಿತ್ತು.

ಯಾರು ಎಂದು ಯಾರೂ ಕೇಳಲಿಲ್ಲ. ನಾನು ಮೇಜಿನ ಹಿಂದೆ ಮೊಣಕಾಲೂರಿ, ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು, ಎರಡೂ ಕೈಯಲ್ಲಿ ಕ್ಯಾಮೆರಾದ ಬುಡ ಹಿಡಿದೆ. ಮೂವತ್ತೈದು ನಿಮಿಷ! ಕಾಲು ಜೋಮು ಹಿಡಿಯಿತು, ಮೂಗು ತುರಿಸಿತು, ಮಿಸುಕಲಿಲ್ಲ. ಅವಳ ಉತ್ತರಗಳನ್ನು ಕೇಳುತ್ತ ಕೇಳುತ್ತ ಎದೆ ಉಬ್ಬಿತು. ಇಷ್ಟು ಜಾಣೆಯ ಕೆಲಸಕ್ಕೆ ಕಲ್ಲು ಹಾಕಲು ಹೊರಟಿದ್ದೆನಲ್ಲಾ ಎಂದು ನಾಚಿಕೆಯೂ ಆಯಿತು.

ಕೊನೆಗೆ ಅತ್ತಕಡೆಯ ಹಿರಿಯ ಹೆಂಗಸೊಬ್ಬರು ಕೇಳಿದರು: “ನೋಡಮ್ಮ, ಬೇಡ ಅಂದಿದ್ದಕ್ಕೆಲ್ಲ ಕೈ ಹಾಕಿ ಕೆಲಸ ಕೆಡಿಸೋರು ಎಲ್ಲಾ ಕಡೆ ಇರ್ತಾರೆ. ಅಂಥೋರ ಜೊತೆ ತಾಳ್ಮೆ ಕಳ್ಕೊಳ್ದೆ ಕೆಲಸ ಮಾಡಿದ್ದಕ್ಕೆ ಏನಾದ್ರೂ ಉದಾಹರಣೆ ಇದ್ಯಾ?”

ಇದಕ್ಕೆ ಅವಳು ಬಟ್ಟೆ ಒಣಹಾಕುತ್ತ ಸೊಗಸಾದ ಉತ್ತರ ತಯಾರಿಸಿದ್ದಳು. ನನಗೇ ಬಾಯಿಪಾಠವಾಗಿತ್ತು. ಅವಳು ಅದನ್ನು ಹೇಳಲಿಲ್ಲ. ಒಂದು ಕ್ಷಣ ಯೋಚಿಸಿ, ಕೈ ಚಾಚಿ, ನಿಧಾನವಾಗಿ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದಳು.

ಅತ್ತ ಮೂರು ಜನ, ಇತ್ತ ನಾನು. ಬಾಯಲ್ಲಿ ಸ್ಕ್ರೂಡ್ರೈವರ್ ಇದ್ದುದರಿಂದ ನಮಸ್ಕಾರ ಹೇಳಲೂ ಆಗಲಿಲ್ಲ.

ಆ ಹಿರಿಯ ಹೆಂಗಸಿನ ದನಿ ಕೇಳಿತು. “ಮದುವೆಯಾಗಿ ಎಷ್ಟು ವರ್ಷ ಆಯ್ತಮ್ಮ?”

“ಹದಿನೆಂಟು ಮೇಡಂ.”

“ಅನುಭವ ಸಾಕು,” ಎಂದರು ಅವರು. “ಸೋಮವಾರದಿಂದಲೇ ಬನ್ನಿ.”