ಕಂಪ್ಯೂಟರ್ ಒಪ್ಪಿದ ಸೋಪು

ಶಾಮಣ್ಣನ ಕಷ್ಟಕ್ಕೆಲ್ಲ ಕಾರಣ ಅವನು ಹೇಳಿದ್ದು ಸರಿಯಾಗಿದ್ದದ್ದು. ತಪ್ಪು ಹೇಳಿದ್ದರೆ ಯಾರಾದರೂ ತಿದ್ದಿ ಬೈದು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅವನು ಸರಿಯಾದದ್ದನ್ನು ಬರೀ ಬಾಯಲ್ಲಿ ಹೇಳಿದ. ಅದೂ ಆಫೀಸಿಗೆ ಕಂಪ್ಯೂಟರ್ ಬಂದ ವರ್ಷ.

ಮುಂಬಯಿಯ ವಿಕ್ರೋಳಿಯಲ್ಲಿದ್ದ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಅವನು ಹನ್ನೊಂದು ವರ್ಷದಿಂದ ಕೆಮಿಸ್ಟ್. ೧೯೯೨ರಲ್ಲಿ ಅಲ್ಲಿಗೆ ಹೊಸ ಯಂತ್ರವೊಂದು ಬಂತು. ಒಳಗೆ ಕೂದಲೆಳೆ ಮಾತ್ರ ತೂರುವಂಥ ಗಾಜಿನ ಕೊಳವೆ. ಅದರಲ್ಲಿ ಸೋಪು ಕರಗಿಸಿದ ನೀರು ತುಂಬಿ, ಒಂದು ತುದಿಗೆ ಕಣ್ಣಿಗೆ ಕಾಣದಷ್ಟು ಔಷಧ ಇಟ್ಟು, ಇಪ್ಪತ್ತು ಸಾವಿರ ವೋಲ್ಟ್ ಕೊಟ್ಟರೆ, ಬೆರೆತ ವಸ್ತುಗಳು ಬೇರೆ ಬೇರೆಯಾಗಿ ಓಡುತ್ತವೆ. ಕಾಗದದ ಮೇಲೆ ಒಂದೊಂದಕ್ಕೂ ಒಂದೊಂದು ಗೋಪುರದಂಥ ಗೆರೆ ಏಳುತ್ತದೆ. ಗುಟ್ಟೆಲ್ಲ ಸೋಪಿನ ಆಯ್ಕೆಯಲ್ಲಿದೆ. ಅದನ್ನು ಲೆಕ್ಕ ಹಾಕಿ ಹೇಳಲೆಂದೇ ಪರದೇಶದಿಂದ ಫ್ಲಾಪಿಯಲ್ಲಿ ಒಂದು ಪ್ರೋಗ್ರಾಮನ್ನೂ ತರಿಸಿದ್ದರು.

ಕಂಪನಿಯ ಚರ್ಮದ ಮುಲಾಮಿನಲ್ಲಿ ಎರಡು ಔಷಧಗಳಿದ್ದವು. ಗುಣದಲ್ಲಿ ಅವಳಿ ಜವಳಿ. ಒಂದನ್ನು ಬಿಟ್ಟು ಇನ್ನೊಂದು ಕದಲುತ್ತಿರಲಿಲ್ಲ. ಒಂದು ದಿನ ಸಂಜೆ ನಾಲ್ಕಕ್ಕೆ ಪರದೇಶದ ಖರೀದಿದಾರರು ಬಂದು ಈ ಎರಡನ್ನೂ ಬೇರೆಯಾಗಿ ನೋಡಬೇಕಿತ್ತು. ಲ್ಯಾಬಿನ ಮುಖ್ಯಸ್ಥ ನೀಲಕಂಠಪ್ಪ ಸಾಹೇಬರು ಧಾರವಾಡದ ಕಡೆಯವರು, ಆಡಿದ ಮಾತಿಗೆ ತಪ್ಪದವರು. ಅವತ್ತು ಬೆಳಿಗ್ಗೆಯೇ ಎಲ್ಲರೆದುರು ಸಾರಿದ್ದರು: "ಈ ಅವಳಿ ಯಾರು ಬಿಡಸ್ತಾರ, ಕಾಲೊನ್ಯಾಗಿನ ಹನ್ನೆರಡನೇ ನಂಬರ್ ಕ್ವಾರ್ಟರ್ಸ್ ಅವರಿಗೆ."

ಲ್ಯಾಬಿನ ಪಕ್ಕದಲ್ಲೇ ಇದ್ದ ಆ ಕ್ವಾರ್ಟರ್ಸಿನ ಮೇಲೆ ಶಾಮಣ್ಣನಿಗೆ ಎಂದಿನಿಂದಲೋ ಕಣ್ಣು. ಅವನ ಮನೆ ಊರಿನ ಇನ್ನೊಂದು ತುದಿಯ ದಹಿಸರ್‌ನಲ್ಲಿ. ದಿನಾ ಆರೂ ಇಪ್ಪತ್ತರ ಲೋಕಲ್ ಹಿಡಿದು, ದಾದರ್‌ನಲ್ಲಿ ಸೇತುವೆ ಹತ್ತಿ ಇಳಿದು, ಇನ್ನೊಂದು ಲೋಕಲ್‌ಗೆ ನೇತು ಬಿದ್ದು ವಿಕ್ರೋಳಿಗೆ ಬರುವಷ್ಟರಲ್ಲಿ ಅಂಗಿಯ ಇಸ್ತ್ರಿಯೂ ಮನುಷ್ಯನ ಮರ್ಯಾದೆಯೂ ಉಳಿಯುತ್ತಿರಲಿಲ್ಲ. ಹೆಂಡತಿ ಕೌಸಲ್ಯಾ ಆ ಕ್ವಾರ್ಟರ್ಸಿನ ಕಿಟಕಿಗಳನ್ನು ಹೊರಗಿನಿಂದಲೇ ನೋಡಿ ಪರದೆ ಹೊಲಿಸಿಟ್ಟಿದ್ದಳು.

"ಸಾರ್, ಮಾಮೂಲಿ ಸೋಪಲ್ಲಿ ಇವು ಬಿಡೋದಿಲ್ಲ," ಎಂದ ಶಾಮಣ್ಣ. "ಪ್ರಾಣಿಗಳ ಪಿತ್ತದಿಂದ ತೆಗೆದ ಉಪ್ಪು ಅಂತ ಬರುತ್ತೆ, ಅದೂ ಸೋಪಿನ ಥರಾನೇ ಕೆಲಸ ಮಾಡುತ್ತೆ. ಬೀರೂನಲ್ಲಿ ಒಂದು ಶೀಷೆ ಇದೆ. ಅದನ್ನ ಹಾಕೋಣ."

"ಪಿತ್ತ?" ಸಾಹೇಬರ ಮುಖ ಕಹಿಯಾಯಿತು. "ಬಂದ ಮಂದಿಗೆ ಪಿತ್ತ ಹಾಕೇವಿ ಅಂತ ಹ್ಯಾಂಗ ಹೇಳೂದ್ರಿ? ಕಂಪ್ಯೂಟರ್ ಏನ್ ಅಂತದ?"

ಕಂಪ್ಯೂಟರ್ ಮಾಮೂಲಿ ಸೋಪು ಎಂದಿತು. ಅದನ್ನೇ ಹಾಕಿದರು. ಕಾಗದದ ಮೇಲೆ ಒಂದೇ ಒಂದು ದಪ್ಪ ದಿಬ್ಬ ಎದ್ದಿತು, ಒಂದೇ ಕಂಬಳಿಯಲ್ಲಿ ಇಬ್ಬರು ಮಲಗಿದ ಹಾಗೆ.

ಅಷ್ಟರಲ್ಲಿ ಸ್ಟೋರಿನ ಸಿದ್ದರಾಮಪ್ಪ ಯಾರೂ ಕರೆಯದಿದ್ದರೂ ಇನ್ನೊಂದು ಥರದ ಸೋಪಿನ ಡಬ್ಬಿ ಹಿಡಿದು ಬಂದ. "ಇದನ್ನ ಹಾಕಿ ನೋಡ್ರಿ. ಎರಡು ವರ್ಷದಿಂದ ಬಿದ್ದೈತಿ, ಖಾಲಿ ಆದರ ನನಗೂ ಜಾಗ ಆಗ್ತೈತಿ."

"ಸಾರ್, ಬೇಡ. ಅದು ಕೊಳವೆಯೊಳಗಿನ ಹರಿವನ್ನೇ ಉಲ್ಟಾ ಮಾಡುತ್ತೆ," ಎಂದ ಶಾಮಣ್ಣ.

ಆದರೆ ಡಬ್ಬಿಯ ಹೆಸರು ಕಂಪ್ಯೂಟರಿನ ಪಟ್ಟಿಯಲ್ಲಿತ್ತು. ಅಂದ ಮೇಲೆ ಕೇಳುವವರು ಯಾರು? ಸಾಹೇಬರೇ ನಿಂತು ಹಾಕಿಸಿದರು. ಒಂದು ಗಂಟೆ ಎಲ್ಲರೂ ಕಾಗದವನ್ನೇ ನೋಡುತ್ತ ಕೂತರು. ಗೆರೆ ಅಲುಗಲಿಲ್ಲ. ಔಷಧ ದಾದರ್‌ನಲ್ಲಿ ತಪ್ಪು ಲೋಕಲ್ ಹತ್ತಿದವನಂತೆ ಹಿಂದಕ್ಕೆ ಹೊರಟುಹೋಗಿತ್ತು. ಕೊಳವೆಯನ್ನು ತೊಳೆದು ತೊಳೆದು ಅಟೆಂಡರ್ ದಾನಪ್ಪನ ಸೊಂಟ ಬಿದ್ದುಹೋಯಿತು. "ಸೋಪ್ ತೊಳ್ಯಾಕ ಯಾವ ಸೋಪ್ ಹಾಕ್ಲಿರಿ?" ಎಂದು ಅವನು ಕೇಳಿದ್ದಕ್ಕೆ ಯಾರೂ ನಗಲಿಲ್ಲ. ಗಂಟೆ ಎರಡಾಗಿತ್ತು.

ಶಾಮಣ್ಣ ಕಂಪ್ಯೂಟರ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದ. ಆಪರೇಟರ್ ಅಲಮೇಲು ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿ.

"ಅಲಮೇಲು, ನಿನ್ನ ಕಂಪ್ಯೂಟರ್ ಪಿತ್ತದ ಉಪ್ಪನ್ನ ಒಪ್ಪೋದಿಲ್ವಾ?"

"ಅದರ ಲಿಸ್ಟಲ್ಲೇ ಇಲ್ಲ ಸಾರ್, ಹೇಗೆ ಒಪ್ಪತ್ತೆ?" ಎಂದಳು ಅವಳು. ಶಾಮಣ್ಣನ ಮುಖ ನೋಡಿ ಪಾಪ ಅನ್ನಿಸಿತು. "ಟೆನ್ಶನ್ ಮತ್ ಲೋ ಸಾರ್. ನಾನು ಲೆಟರ್ ಥರಾ ಟೈಪ್ ಮಾಡಿ ಪ್ರಿಂಟ್ ಹೊಡೀತೀನಿ. ಕಂಪ್ಯೂಟರ್ ಪೇಪರ್ ಥರಾ ಎರಡೂ ಅಂಚಲ್ಲಿ ತೂತಿದ್ರೆ ಬಸ್, ಸಾಹೇಬ್ರಿಗೆ ಅದು ಕಂಪ್ಯೂಟರ್ ಹೇಳಿದ್ದೇ. ಲೇಕಿನ್ ಗೊತ್ತಾದ್ರೆ ನನ್ನ ನೌಕರಿ ಹೋಗತ್ತೆ, ಹಾಂ?"

ಪ್ರಿಂಟರ್ ಕರ್ರೋ ಎಂದು ಕೂಗಿತು. ಪಿತ್ತದ ಉಪ್ಪಿನ ಹೆಸರು, ಎಷ್ಟು ಹಾಕಬೇಕೆಂಬ ಲೆಕ್ಕ, ಸುತ್ತ ನಕ್ಷತ್ರಗಳ ಅಂಚು. ಸಾಹೇಬರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಓದಿದರು.

"ನೋಡ್ರಿ," ಎಂದರು ಶಾಮಣ್ಣನಿಗೆ, "ನೀವು ಹೇಳಿದಾಗ ನನಗ ಹೇಸಿಗಿ ಅನಸ್ತು. ಕಂಪ್ಯೂಟರ್ ಹೇಳಿದ ಮ್ಯಾಲ ಪಿತ್ತ ಆದರೇನು, ಪನ್ನೀರ ಆದರೇನು."

ಮೂರೂ ಮುಕ್ಕಾಲಿಗೆ ಶಾಮಣ್ಣ ಗುಂಡಿ ಒತ್ತಿದ. ನಾಲ್ಕೂ ಐದಕ್ಕೆ, ಕೋಟು ಹಾಕಿದ ಮೂವರು ಅತಿಥಿಗಳ ಕಣ್ಣೆದುರು, ಕಾಗದದ ಮೇಲೆ ಒಂದು ಗೋಪುರ ಎದ್ದು ಪೂರ್ತಿ ಇಳಿಯಿತು. ನಡುವೆ ಅಚ್ಚುಕಟ್ಟಾದ ಬಯಲು. ಆಮೇಲೆ ಇನ್ನೊಂದು ಗೋಪುರ. ಅತಿಥಿಗಳು ಚಪ್ಪಾಳೆ ತಟ್ಟಿದರು. ಶಾಮಣ್ಣನ ಕಣ್ಣಲ್ಲಿ ನೀರೇ ಬಂತು. ಹನ್ನೊಂದು ವರ್ಷದಲ್ಲಿ ಅವನಿಗೆ ಇಂಥ ಸಂತೋಷವಾಗಿರಲಿಲ್ಲ.

ಅತಿಥಿಗಳು ಹೊರಟ ಮೇಲೆ ಸಾಹೇಬರು ಎಲ್ಲರನ್ನೂ ಕರೆಸಿದರು. ಕಂಪ್ಯೂಟರಿಗೆ ಮಾಲೆ ಬಿತ್ತು. ದಾನಪ್ಪ ಬಾಗಿಲಲ್ಲಿ ತೆಂಗಿನಕಾಯಿ ಒಡೆದ. ಆಮೇಲೆ ಸಾಹೇಬರು ಜೇಬಿನಿಂದ ಒಂದು ಚಾವಿ ತೆಗೆದು ಶಾಮಣ್ಣನ ಅಂಗೈಗಿಟ್ಟರು.

"ಹನ್ನೆರಡನೇ ನಂಬರಿಂದು. ನಾ ಮಾತಿಗೆ ತಪ್ಪಾಂವ ಅಲ್ಲ."

ಶಾಮಣ್ಣ ಬಾಗಿ ಕಾಲು ಮುಟ್ಟಲು ಹೋದ.

"ಅಲ್ಲೆ ಧೂಳಿಲ್ಲ, ಸೋರಂಗಿಲ್ಲ," ಎಂದು ಸಾಹೇಬರು ಮುಂದುವರಿಸಿದರು. "ಎರಡು ಏಸಿ ಕೂಡಸ್ತೇನಿ. ನಾಳೆನ ಕಂಪ್ಯೂಟರ್ ಅಲ್ಲಿಗೆ ಒಯ್ಯೂದು. ಅವಳಿ ಬಿಡಿಸಿದವರಿಗೆ ಕ್ವಾರ್ಟರ್ಸ್ ಅಂದಿದ್ದೆ, ಬಿಡಿಸಿದ್ದು ಅದನ. ನೀವು ನಂಬಿಗಸ್ತ ಮನುಷ್ಯಾರು, ಚಾವಿ ನಿಮ್ಮ ಕಡೆ ಇರ್ಲಿ. ದಿನಾ ಏಳಕ್ಕ ಬಂದು ಬಾಗಲಾ ತಗದು, ಅದಕ್ಕ ತಂಪು ಮಾಡಿಡಬೇಕು."

"ಸಾರ್, ಆ ಕಾಗದ ನಾನೇ..." ಎಂದು ಶಾಮಣ್ಣ ಬಾಯಿ ತೆರೆದ. ಸಾಹೇಬರ ಹಿಂದೆ ಅಲಮೇಲು ಬಿಳಿಚಿಕೊಂಡು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು.

"ನೀವ ಏನ್ರಿ?"

"ನಾನೇ ಜೋಪಾನವಾಗಿ ಎತ್ತಿಡ್ತೀನಿ ಸಾರ್."

ಸಂಜೆ ದಹಿಸರ್‌ನ ಮನೆಯಲ್ಲಿ ಕೌಸಲ್ಯಾ ಬಾಗಿಲಲ್ಲೇ ಕಾದಿದ್ದಳು. ಗಂಡನ ಕೈಯಲ್ಲಿ ಚಾವಿ ನೋಡಿ ಅವಳ ಮುಖ ಅರಳಿತು.

"ಕೊಟ್ಟೇ ಬಿಟ್ರಾ ಬೀಗದ ಕೈ? ಹಾಗಾದ್ರೆ ಯಾವಾಗ ಹೊರಡೋದು?"

"ನಾಳೆ ಬೆಳಿಗ್ಗೆ ಐದು ಗಂಟೆ ಲೋಕಲ್‌ಗೆ," ಎಂದ ಶಾಮಣ್ಣ ಚಪ್ಪಲಿ ಬಿಡುತ್ತ. "ನಾನೊಬ್ಬನೇ."