ಅಗಲ ಟೈರಿನ ಜೀಪಿನಲ್ಲಿ ಮದುಮಗಳು

ಬುದ್ಧಿ ಇಲ್ಲದಿದ್ದರೂ ಮನುಷ್ಯ ಹೇಗೋ ಬದುಕಿಬಿಡುತ್ತಾನೆ. ಪಕ್ಕದ ತೋಟದವನ ಬಳಿ ಇರುವುದು ತನ್ನ ಬಳಿ ಇಲ್ಲದಿದ್ದರೆ ಮಾತ್ರ ಬದುಕಲಾರ. ಪಾಲಿಬೆಟ್ಟದ ಕಡೆಯ ನಮ್ಮ ಕಾಫಿ ತೋಟಗಾರರನ್ನು ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಇವರೆಲ್ಲ ಸಂತೆಯಲ್ಲಿ ಸಿಕ್ಕಾಗ, ಇನ್ನು ಸಣ್ಣ ಕೆಲಸಕ್ಕೂ ಬೆಂಗಳೂರಿನ ಮುಖ ನೋಡಬೇಕಲ್ಲ ಎಂದು ಗೊಣಗುತ್ತಿದ್ದರು. ಗೊಣಗಿ ಮುಗಿದ ಮೇಲೆ ಒಬ್ಬರ ಜೀಪನ್ನು ಇನ್ನೊಬ್ಬರು ಸುತ್ತುಹಾಕಿ ನೋಡುತ್ತಿದ್ದರು. ಎಲ್ಲವೂ ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪುಗಳು. ಯುದ್ಧ ಮುಗಿಸಿ ಬಂದ ಆ ಮುದಿ ಗಾಡಿಗಳಿಗೆ ಇವರು ಮಾಡುತ್ತಿದ್ದ ಶೃಂಗಾರ ನೋಡಬೇಕು! ಒಬ್ಬ ಹೊಸ ಹಾರ್ನ್ ಹಾಕಿಸಿದರೆ ಇನ್ನೊಬ್ಬ ಬಾನೆಟ್ಟಿನ ಮೇಲೆ ಹಿತ್ತಾಳೆಯ ಹುಲಿ ಕೂರಿಸುತ್ತಿದ್ದ. ಇಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಜೀಪಿನ ವಿಷಯ ಬೇರೆ. ನಾನು ಏನು ಮಾಡಿಸಿದರೂ ಅದಕ್ಕೊಂದು ಕಾರಣವಿರುತ್ತಿತ್ತು. ಸೀರೆ ಉಟ್ಟುಕೊಂಡು ಅಷ್ಟೆತ್ತರ ಹತ್ತುವುದು ಹೇಗೆ ಎಂದು ಹೆಂಡತಿ ಸೀತಮ್ಮ ತಲೆ ತಿಂದದ್ದಕ್ಕೆ ಸಿದ್ದಾಪುರದ ಗ್ಯಾರೇಜಿನಲ್ಲಿ ಸ್ಪ್ರಿಂಗಿನ ಪಟ್ಟಿ ಕೀಳಿಸಿ ಜೀಪು ತಗ್ಗಿಸಿದೆ. ಆಮೇಲೆ ಅವಳ ಅಣ್ಣ ಸೋಮಯ್ಯ, ಪಕ್ಕದ ತೋಟದವನು, ಅಗಲದ ಟೈರು ಹಾಕಿಸಿಕೊಂಡ. ಕೆಸರಿನಲ್ಲಿ ಹೂತು ನಿಂತಿದ್ದ ನನ್ನನ್ನು ದಾಟಿ ಹಲ್ಲು ಕಿರಿಯುತ್ತ ಹೋದ. ಅವನದಕ್ಕಿಂತ ಅಗಲದ ಟೈರನ್ನು ನಾನು ತರಿಸಿದ್ದು ಕೆಸರಿನ ಸಲುವಾಗಿಯೇ ಹೊರತು ಬೇರಾವ ಕಾರಣಕ್ಕೂ ಅಲ್ಲ.

ಸೋಮಯ್ಯ ಬಂದು ಬಗ್ಗಿ ನೋಡಿದ. "ಭಾವ, ನನ್ನ ಜೀಪು ಎತ್ತರ ಇದೆ, ನಡೀತದೆ. ನಿಮ್ಮದು ಕುಕ್ಕರುಗಾಲಲ್ಲಿ ಕೂತ ಹಾಗಿದೆ. ತಿರುವಲ್ಲಿ ಮಡ್‌ಗಾರ್ಡಿಗೆ ಉಜ್ಜುತ್ತದೆ."

ಹೊಟ್ಟೆಕಿಚ್ಚು! ಕಾಫಿ ಒಣಗಿಸುವ ಕಣದಲ್ಲಿ ಜೀಪು ನಿಲ್ಲಿಸಿ, ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಅಂಗೈ ತೂರಿಸಿ ತೋರಿಸಿದೆ. ಜಗಲಿಯಿಂದ ಸೀತಮ್ಮ ಕೂಗಿದಳು: "ಖಾಲಿ ಜೀಪಿಗೆ ಅಳತೆ ಹಿಡಿದು ಎಂತ ಪ್ರಯೋಜನ? ನಮ್ಮ ಜೀಪು ಖಾಲಿ ಹೋದದ್ದು ಯಾವತ್ತು?" ಹೆಂಗಸರಿಗೆ ಗಾಡಿಯ ವಿಷಯ ಏನು ಗೊತ್ತು ಎಂದು ನಾನು ಉತ್ತರಿಸುವ ಗೋಜಿಗೆ ಹೋಗಲಿಲ್ಲ. ಅವಳು ಹೇಳಿದ್ದೇನೋ ನಿಜ. ನಡೆದು ಹೋಗುವವರನ್ನು ಬಿಟ್ಟು ಜೀಪು ಮುಂದೆ ಹೋಯಿತೆಂದರೆ ನಮ್ಮ ಕಡೆ ಅದು ಮೂರು ತಲೆಮಾರಿನ ಜಗಳ.

ಅಕ್ಕನ ಮಗಳು ಗಂಗೆಯ ಧಾರೆ ವಿರಾಜಪೇಟೆಯ ಗಂಡಿನ ಮನೆಯಲ್ಲಿ. ಮುಹೂರ್ತಕ್ಕೆ ಮುಂಚೆ ಹುಡುಗಿಯನ್ನು ತಲುಪಿಸುವ ಹೊಣೆ ಸೋದರಮಾವನಾದ ನನ್ನದು. ಸೋಮಯ್ಯ ತನ್ನ ಜೀಪು ಕೊಡುತ್ತೇನೆಂದ. ಅದರಲ್ಲಿ ಅಡುಗೆಯ ಪಾತ್ರೆ ಕಳಿಸು ಎಂದೆ. ಅದು ಪಾತ್ರೆ ತುಂಬಿಕೊಂಡು ಆಳಿನ ಕೈಯಲ್ಲಿ ಮೊದಲೇ ಹೋದದ್ದರಿಂದ ಅವನೂ ನನ್ನ ಜೀಪಿಗೇ ಹತ್ತಿದ. ಸೀತಮ್ಮ ಹತ್ತಿದಳು, ಅಕ್ಕ ಹತ್ತಿದಳು, ದೊಡ್ಡತ್ತೆ ಹತ್ತಿದರು, ಬಾಳೆಗೊನೆ ಹತ್ತಿತು, ನಾನು ಸ್ಟಿಯರಿಂಗ್ ಹಿಡಿದೆ. ದಾರಿಯಲ್ಲಿ ಕೈ ಅಡ್ಡ ಹಿಡಿದವರೆಲ್ಲ ಹತ್ತಿದರು. ಮೊದಲ ತಿರುವಿನಲ್ಲೇ ಭಾರಕ್ಕೆ ಜಗ್ಗಿದ ಜೀಪು, ಟೈರು ಮಡ್‌ಗಾರ್ಡಿಗೆ ಉಜ್ಜಿ, ಗರಗರ ಎಂದಿತು. ಎರಡನೆಯದರಲ್ಲಿ ಸುಟ್ಟ ರಬ್ಬರಿನ ಹೊಗೆ ಮದುಮಗಳ ಮಲ್ಲಿಗೆಯ ಪರಿಮಳವನ್ನು ನುಂಗಿತು.

"ಮಾವ, ಮುಹೂರ್ತ ತಪ್ಪಿದರೆ?" ಗಂಗೆ ಹಿಂದಿನಿಂದ ನನ್ನ ಭುಜ ಹಿಡಿದು ಕೇಳಿದಳು. ನನಗೆ ನಿಜವಾಗಿಯೂ ಹೆದರಿಕೆಯಾಗಿ ಜೀಪು ನಿಲ್ಲಿಸಿದೆ.

ಭಾರ ಇಳಿಸಬೇಕಿತ್ತು. ಆದರೆ ಹತ್ತಿಸಿಕೊಂಡ ನೆಂಟರನ್ನು ಇಳಿಯಿರಿ ಎನ್ನುವವರು ಯಾರು? "ಇಳಿ ಅಂದರೆ ಇಳೀತೇನೆ. ಆದರೆ ಮದುವೆಗೆ ಬರೋದಿಲ್ಲ, ಸೀದಾ ಮನೆಗೇ ಹೋಗ್ತೇನೆ," ಎಂದರು ದೊಡ್ಡತ್ತೆ. ಕಡ್ಡಿಯಂಥ ಸೋಮಯ್ಯ ಇಳಿದು ಚಕ್ರಗಳನ್ನೆಲ್ಲ ನೋಡಿ ಬಂದು, ತಲೆ ಕೆರೆದುಕೊಂಡು, "ಡ್ರೈವರ್ ಕಡೆಯದು ಮಾತ್ರ ಉಜ್ಜುತ್ತಿದೆ, ಭಾವ," ಎಂದ. ಎಲ್ಲರೂ ನನ್ನ ಹೊಟ್ಟೆಯನ್ನೇ ನೋಡಿದರು.

ಇಳಿದೆ. ಸೋಮಯ್ಯ ಸ್ಟಿಯರಿಂಗ್ ಹಿಡಿದ. ಮುಂದಿನ ತಿರುವಿನಲ್ಲಿ ಒಂದು ಸಲವಾದರೂ ಉಜ್ಜಲಿ ದೇವರೇ ಎಂದು ರಸ್ತೆ ಬದಿಯಲ್ಲಿ ಕಿವಿಗೊಟ್ಟು ನಿಂತೆ. ಹಾಳು ಜೀಪು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯಿತು.

ಸಿದ್ದಾಪುರದ ಬಸ್ಸು ಸಿಕ್ಕಿ ನಾನು ತಲುಪುವ ಹೊತ್ತಿಗೆ ಧಾರೆ ಮುಗಿದು ಎಲೆ ಹಾಕಿದ್ದರು. ಗಂಗೆ ನಗುತ್ತಿದ್ದಳು, ಅಷ್ಟು ಸಾಕು ಎಂದುಕೊಂಡೆ. ಆದರೆ ಆ ಮದುವೆಯ ಫೋಟೋ ಇಂದಿಗೂ ಅಕ್ಕನ ಮನೆಯ ಗೋಡೆಯ ಮೇಲಿದೆ. ಸೋದರಮಾವ ನಿಲ್ಲಬೇಕಾದಲ್ಲಿ ಸೋಮಯ್ಯ ಎದೆಯುಬ್ಬಿಸಿ ನಿಂತಿದ್ದಾನೆ, ಹಿಂದೆ ನನ್ನ ಜೀಪು. ಬಂದ ನೆಂಟರೆಲ್ಲ ಅದನ್ನು ನೋಡಿ, "ಸೋಮಯ್ಯನ ಜೀಪಿಗೆ ಎಂಥಾ ಟೈರು ಮಾರಾಯ್ರೆ!" ಎನ್ನುತ್ತಾರೆ.