ಡ್ರೈವರವರ ಸನ್ನಿಧಾನಕ್ಕೆ

ಚೀಟಿಯಲ್ಲಿ ಹನ್ನೊಂದು ಸಾಲುಗಳಿದ್ದವು; ‘ದಯವಿಟ್ಟು’ ನಾಲ್ಕು ಸಲ ಬಂದಿತ್ತು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ‘ಶ್ರೀಮಾನ್ ಡ್ರೈವರವರ ಸನ್ನಿಧಾನಕ್ಕೆ’ ಎಂದಿತ್ತು. ಕಾಲೇಜಿನ ತಿರುವಿನಲ್ಲಿ ಬಸ್ಸು ನಿಲ್ಲಿಸಿ ಎನ್ನುವಷ್ಟೇ ಮಾತನ್ನು ಎರಡು ಸಂಜೆ ಕೂತು ಶುದ್ಧಪ್ರತಿ ಮಾಡಿದ್ದೆ.

ಬಾಯಿಬಿಟ್ಟು ಕೇಳುವುದು ನನಗೆ ಮೊದಲಿನಿಂದಲೂ ಆಗದ ಕೆಲಸ. ಊಟಕ್ಕೆ ಕೂತಾಗ ಮಜ್ಜಿಗೆ ಬೇಕೆನಿಸಿದರೆ ಮಜ್ಜಿಗೆಯ ಪಾತ್ರೆಯನ್ನೇ ನೋಡುತ್ತಿದ್ದೆ. ಅಮ್ಮ ನನ್ನ ಕಣ್ಣು ಹೋದ ಕಡೆಯಿಂದ ತಂದು ಬಡಿಸುತ್ತಿದ್ದಳು. ಹೀಗೆ ಬೆಳೆದವಳಿಗೆ ಲೋಕವೆಲ್ಲ ತನ್ನ ಕಣ್ಣನ್ನೇ ಗಮನಿಸುತ್ತಿರುತ್ತದೆ ಎಂಬ ನಂಬಿಕೆ. ಬಸ್ಸಿನ ಡ್ರೈವರು ರಸ್ತೆಯನ್ನು ನೋಡುತ್ತಿರುತ್ತಾನೆ ಎಂದು ಹೊಳೆಯುವುದಕ್ಕೆ ಒಂದು ಇಡೀ ಟರ್ಮು ಬೇಕಾಯಿತು.

ಅದು ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಹುಣಸೂರಿನ ಬಸ್ಸು ಇದ್ದಿಲಿನ ಅನಿಲದಲ್ಲಿ ಓಡುತ್ತಿತ್ತು. ನಾನು ಬಿಳಿಕೆರೆಯಲ್ಲಿ ಹತ್ತಿ ಮೈಸೂರಿಗೆ ಹೋಗಬೇಕು. ಒಂದು ಸಲ ನಿಂತರೆ ಆ ಬಸ್ಸಿಗೆ ಮತ್ತೆ ಹೊರಡುವ ಮನಸ್ಸೇ ಬಾರದು, ಗಂಡಸರು ಇಳಿದು ತಳ್ಳಬೇಕು. ಆದ್ದರಿಂದ ಗಟ್ಟಿಯಾಗಿ ಕೂಗಿದವರಿಗೆ ಮಾತ್ರ ನಿಲ್ಲಿಸುವುದು ಡ್ರೈವರ್ ಚನ್ನಯ್ಯನ ಪದ್ಧತಿ. ನಾನು ಕಿಟಕಿಯಿಂದ ಕಾಲೇಜಿನ ದರ್ಶನ ಮಾಡಿಕೊಂಡು ಮುಂದೆ ಸಾಗಿ, ಪೇಟೆಯಲ್ಲಿ ಇಳಿದು, ಒಂದು ಮೈಲಿ ಹಿಂದಕ್ಕೆ ನಡೆದು ಬರುವಷ್ಟರಲ್ಲಿ ಮೊದಲ ತರಗತಿಯ ಹಾಜರಿ ಮುಗಿದಿರುತ್ತಿತ್ತು. ಇನ್ನು ಒಂದು ದಿನ ತಪ್ಪಿದರೂ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಮೇಷ್ಟರು ಎಚ್ಚರಿಸಿದರು. ಯಾಕೆ ತಡ ಎಂದು ಕೇಳಿದಾಗ ನಾನು ನೆಲ ನೋಡಿದೆ. ಅವರೂ ಬಗ್ಗಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

ಹಾಗಾಗಿ, ಬರೆದೂ ಕೊಡಲಾಗದೆ ಇಟ್ಟುಕೊಂಡಿದ್ದ ಚೀಟಿ ಹೊರಬಂತು. ಆ ಸಂಜೆ ಊರಿಗೆ ಹೊರಡುವ ಮುಂಚೆ ಚನ್ನಯ್ಯ ಇದ್ದಿಲಿಗೆ ಗಾಳಿ ಹಾಕಿಸುತ್ತ ನಿಂತಿದ್ದಾಗ ಅವನ ಕೈಗೆ ಕೊಟ್ಟೆ. ತಲೆಕೆಳಗಾಗಿ ಹಿಡಿದು, ಬಹಳ ಗೌರವದಿಂದ ನೋಡಿದ.

“ಏನವ್ವಾ ಇದು, ಕೋರ್ಟಿಂದ ಬಂದದ್ದಾ?”

“ಓದಿ,” ಎಂದೆ.

“ಅಕ್ಸರ ಬಂದಿದ್ರೆ ಈ ಇದ್ಲು ಒಗೆ ಯಾಕ್ ಕುಡೀತಿದ್ದೆ? ನೀವೇ ಓದ್ಬುಡಿ. ಒಸಿ ಜೋರಾಗಿ, ಈ ಸದ್ದಲ್ಲಿ ಕೇಳಾಕಿಲ್ಲ.”

ಓದಿದೆ. ‘ಸನ್ನಿಧಾನಕ್ಕೆ’ ಎನ್ನುತ್ತಲೇ ಬಸ್ಸಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ‘ಸವಿನಯವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ’ ಎಂದಾಗ ಹಿಂದಿನ ಸೀಟಿನಿಂದ ಯಾರೋ, “ಅಯ್ಯೋ ಶಿವನೇ, ಯಾರ್ ಓಗ್ಬುಟ್ರಂತೆ?” ಎಂದರು. ಮೂರನೆಯ ‘ದಯವಿಟ್ಟು’ ಬಂದಾಗ, ದಿನಾ ವೀಳ್ಯದೆಲೆಯ ಕುಕ್ಕೆಯೊಂದಿಗೆ ಬರುವ ನಿಂಗಮ್ಮಜ್ಜಿಗೆ ತಡೆಯಲಾಗಲಿಲ್ಲ.

“ನಿಲ್ಸ್ಲಾ ಚನ್ನಾ ಅನ್ನಾಕೆ ಇಷ್ಟುದ್ದ ಕಾಗ್ದ ಬೇಕೇನವ್ವಾ?”

“ಎಲ್ಲರೂ ಇಳಿದು ತಳ್ಳಬೇಕಾಗುತ್ತಲ್ಲ ಅಜ್ಜಿ.”

“ತಳ್ಳಲಿ ಬುಡು! ದಿನಾ ನನ್ ಕುಕ್ಕೆಗೆ ತಳ್ಳಾಕಿಲ್ವಾ? ಎಲೆಗಿಂತ ಕಡಮೆನಾ ನೀನು?”

ಉಳಿದಿದ್ದ ಒಂದು ‘ದಯವಿಟ್ಟು’ವನ್ನೂ ಓದಿ ಮುಗಿಸಿದೆ. ಚನ್ನಯ್ಯ ಚೀಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಮಡಿಸಿ ಹಿಂದಕ್ಕೆ ಕೊಟ್ಟ. “ಕಾಗ್ದಕ್ಕೆ ಬ್ರೇಕ್ ಬೀಳಾಕಿಲ್ಲ ಕಣವ್ವಾ. ನಾಳೆ ಕೂಗಿ, ನಿಲ್ಸ್ತೀನಿ.”

ಮರುದಿನ ಬೆಳಗ್ಗೆ ಬಿಳಿಕೆರೆಯಿಂದಲೇ ಬಸ್ಸಿಗೆ ಬಸ್ಸೇ ನನ್ನ ಬಾಯಿ ನೋಡುತ್ತಿತ್ತು. ದಾರಿಯುದ್ದಕ್ಕೂ ಗಂಟಲಲ್ಲಿ ಹಿಡಿದಿಟ್ಟುಕೊಂಡಿದ್ದ “ನಿಲ್ಸೀ!” ಒಮ್ಮೆಲೇ ಹಾರಿಬಂತು, ತಿರುವಿಗೆ ಇನ್ನೂ ಎರಡು ಫರ್ಲಾಂಗು ಇರುವಾಗಲೇ. ಬಸ್ಸು ಗಕ್ಕನೆ ನಿಂತಿತು. “ಅಂಗೆ ಕಣವ್ವಾ!” ಎಂದಳು ನಿಂಗಮ್ಮಜ್ಜಿ. ಗಂಡಸರು ಮೆಚ್ಚುಗೆಯಿಂದ ಇಳಿದು, ತಳ್ಳಲು ಅಂಗಿಯ ತೋಳು ಮಡಿಸಿದರು. ಇಲ್ಲಲ್ಲ, ಇನ್ನೂ ಸ್ವಲ್ಪ ಮುಂದೆ ಎಂದು ಹೇಳಲು ಇನ್ನೊಂದು ಚೀಟಿಯೇ ಬೇಕಿತ್ತು. ಧನ್ಯವಾದ ಹೇಳಿ ಇಳಿದು, ನೆರಿಗೆ ಎತ್ತಿ ಹಿಡಿದು ಓಡಿದೆ. ಅವರು ಬಸ್ಸನ್ನು ಇನ್ನೂ ತಳ್ಳುತ್ತಲೇ ಇದ್ದರು. ತಿರುವನ್ನು ನಾನೇ ಮೊದಲು ಮುಟ್ಟಿದೆ.

ಮೇಷ್ಟರು ಹಾಜರಿ ಕರೆಯುತ್ತ ನನ್ನ ಹೆಸರಿಗೆ ಬಂದಾಗ ಬೆಂಚಿನ ಮೇಲಿದ್ದೆ. ದನಿ ತಗ್ಗಿಸುವುದನ್ನು ಕಲಿಯಲು ಮಾತ್ರ ಸಮಯ ಸಿಕ್ಕಿರಲಿಲ್ಲ, ಬಸ್ಸು ನಿಲ್ಲಿಸಿದ ಅದೇ ದನಿಯಲ್ಲಿ “ಪ್ರೆಸೆಂಟ್ ಸಾರ್!” ಎಂದು ಕೂಗಿದೆ.